ಬಸ್ಸು ಎಂಬ ವಿಭಕ್ತಿ

ನನ್ನ ಮಾವನವರಿಗೆ ಇಂಗ್ಲಿಷಿನ ಒಂದಕ್ಷರವೂ ಬರುತ್ತಿರಲಿಲ್ಲ. ಹಾಗಿದ್ದೂ ಸವಣೂರಿನಲ್ಲಿ ಆ ಭಾಷೆಯ ಬಗ್ಗೆ ಅವರಷ್ಟು ವಿಚಾರ ಮಾಡಿದವರು ಮತ್ತೊಬ್ಬರಿರಲಿಲ್ಲ ಎಂದು ನಾನು ಇಂದಿಗೂ ಎದೆ ತಟ್ಟಿ ಹೇಳುತ್ತೇನೆ.

ನಾನು ಹಾನಗಲ್ಲಿನವಳು. ಅಪ್ಪ ಅಲ್ಲಿಯ ಶಾಲೆಯಲ್ಲಿ ಮಾಸ್ತರರು. ಹೆಣ್ಣುಮಕ್ಕಳಿಗೆ ಓದು ಬರಹ ಬಂದರೆ ಸಾಕು ಎನ್ನುತ್ತಿದ್ದ ಕಾಲದಲ್ಲಿ ಅವರು ನನ್ನನ್ನು ಗಂಡುಹುಡುಗರ ನಡುವೆ ಕೂರಿಸಿ ಇಂಗ್ಲಿಷ್ ನಾಲ್ಕನೆಯ ಇಯತ್ತೆಯವರೆಗೆ ಓದಿಸಿದರು. ಐದಕ್ಕೆ ಹೋಗುವ ಮೊದಲೇ ಲಗ್ನವಾಯಿತು. ಮೂವತ್ತರ ದಶಕದ ನಡುವೆ, ನನ್ನ ಹದಿನೈದನೆಯ ವಯಸ್ಸಿನಲ್ಲಿ, ಸವಣೂರಿನ ವೈಷ್ಣವರ ಓಣಿಯ ಮನೆಯೊಂದಕ್ಕೆ ಸೊಸೆಯಾಗಿ ಬಂದೆ.

ಮಾವನವರು ಸಂಸ್ಕೃತ ವ್ಯಾಕರಣದ ಪಂಡಿತರು. ದಿನಾಲು ಮುಂಜಾನೆ ಮನೆಯ ಕಟ್ಟೆಯ ಮೇಲೆ ಎಂಟು ಹತ್ತು ಹುಡುಗರು ಕೂತು ವಿಭಕ್ತಿ, ಧಾತು ಎಂದು ಒದರುತ್ತಿದ್ದರು. ಮಗನೂ ತಮ್ಮಂತೆಯೇ ಆಗಲಿ ಎಂದು ಅವರಿಗಿತ್ತು. ಆದರೆ ನನ್ನ ಗಂಡ ಶಿಗ್ಗಾವಿಯ ಕಚೇರಿಯಲ್ಲಿ ಕಾರಕೂನರಾಗಿ ಸೇರಿದರು. ಶನಿವಾರ ಬರುವುದು, ಸೋಮವಾರ ಹೋಗುವುದು. ಆ ವಿಷಯದಲ್ಲಿ ತಂದೆ ಮಕ್ಕಳ ನಡುವೆ ಜಗಳವೇನೂ ಇರಲಿಲ್ಲ. ಮಾತು ಕಡಿಮೆ ಇತ್ತು, ಅಷ್ಟೇ.

ಮದುವೆಯಾದ ನಾಲ್ಕೈದು ವರ್ಷಕ್ಕೆ ಮಾವನವರ ಎರಡೂ ಕಣ್ಣಿಗೆ ಮೋತಿಬಿಂದು ಬಂದು, ಪೊರೆ ಮುಚ್ಚಿ ಅಕ್ಷರ ಕಾಣದಂತಾಯಿತು. ಪಾಠವೆಲ್ಲ ಬಾಯಲ್ಲಿಯೇ ಇದ್ದುದರಿಂದ ಹುಡುಗರಿಗೆ ಹೇಳಿಕೊಡುವುದು ನಿಲ್ಲಲಿಲ್ಲ. ಆದರೆ ಮಧ್ಯಾಹ್ನ ಓದುತ್ತ ಕೂಡುವ ಮನುಷ್ಯ ಸುಮ್ಮನೆ ಗೋಡೆಗೊರಗಿ ಕೂಡತೊಡಗಿದರು. ಅದನ್ನು ನೋಡುವುದು ನಮಗೆ ಕಷ್ಟವಾಗುತ್ತಿತ್ತು.

ಹೀಗಿರುವಾಗ ಅವರ ಹಳೆಯ ಶಿಷ್ಯನೊಬ್ಬ ಪುಣೆಯಲ್ಲಿ ಓದು ಮುಗಿಸಿ ಗುರುಗಳನ್ನು ಕಾಣಲು ಬಂದ. ಮಾತಿಗೆ ಮಾತು ಬೆಳೆದು, ಇಂಗ್ಲಿಷಿನ ಎಷ್ಟೋ ಶಬ್ದಗಳು ಸಂಸ್ಕೃತದ ಬಳಗದವು ಎಂದ. ಮಾವನವರು ನಕ್ಕುಬಿಟ್ಟರು. ಆತ ವಾದಿಸದೆ ತನ್ನ ಚೀಲದಲ್ಲಿದ್ದ ದಪ್ಪ ಇಂಗ್ಲಿಷ್ ಶಬ್ದಕೋಶವನ್ನು ಅಲ್ಲಿಯೇ ಬಿಟ್ಟು ಹೋದ. ಮೊದಲ ಕೆಲವು ಹಾಳೆ ಹರಿದಿದ್ದವು, ತೊಗಲಿನ ರಟ್ಟು. ತೊಗಲೆಂದು ಮಾವನವರು ಅದನ್ನು ಮುಟ್ಟಲಿಲ್ಲ. ಎರಡು ದಿನ ಅದು ಕಟ್ಟೆಯ ಮೂಲೆಯಲ್ಲೇ ಬಿದ್ದಿತ್ತು. ಮೂರನೆಯ ದಿನ ನನ್ನನ್ನು ಕರೆದರು.

"ತಂಗಿ, ಆ ಪುಸ್ತಕದಾಗ ನಮ್ಮ ಸಂಸ್ಕೃತ ಅದ ಅಂತ ಹೇಳಿ ಹೋದ ಅಂವ. ಸುಳ್ಳೋ ಖರೇನೋ, ನೋಡಿ ಹೇಳು."

ಪುಸ್ತಕ ಎತ್ತಿಕೊಂಡೆ. ಐದು ವರ್ಷದಿಂದ ಇಂಗ್ಲಿಷ್ ಅಕ್ಷರ ನೋಡಿರಲಿಲ್ಲ. ಪ್ರತಿ ಶಬ್ದದ ಅರ್ಥ ಮುಗಿದ ಮೇಲೆ ಸಣ್ಣ ಅಕ್ಷರದಲ್ಲಿ ಅದರ ಹುಟ್ಟು ಬರೆದಿತ್ತು: ಯಾವ ಭಾಷೆಯಿಂದ ಬಂತು, ಅಲ್ಲಿ ಅದಕ್ಕೇನು ಅರ್ಥವಿತ್ತು ಎಂದು. ಯಾವ ಶಬ್ದದಿಂದ ಸುರು ಮಾಡಲಿ ಎಂದು ಕೇಳಿದೆ. ಹಿಂದಿನ ದಿನ ನನ್ನ ಗಂಡ ಕುಪ್ಪಸದ ಅರಿವೆ ತಂದಿದ್ದರು. ಅಂಗಡಿಯವನು ಅದನ್ನು 'ನೈಸ್ ಮಾಲು' ಎಂದು ಹೊಗಳಿದ್ದನಂತೆ. ಅದೇ ಇರಲಿ ಎಂದರು ಮಾವನವರು.

ತೆಗೆದು ನೋಡಿದರೆ ನೈಸ್ ಎಂದರೆ ಮೂಲದಲ್ಲಿ ದಡ್ಡ! ಲ್ಯಾಟಿನ್ನಿನಲ್ಲಿ 'ನೆ' ಎಂದರೆ ಇಲ್ಲ, ಮುಂದಿನ ತುಂಡಿಗೆ ತಿಳಿಯುವುದು ಎಂದು ಅರ್ಥ. ತಿಳಿಯದವನು, ಅಜ್ಞ. ಅಲ್ಲಿಂದ ಆ ಶಬ್ದ ಅತಿ ನಾಜೂಕಿನವನು ಎಂದಾಗಿ, ಸೂಕ್ಷ್ಮ ಎಂದಾಗಿ, ಕಡೆಗೆ ಚೆಂದ ಎಂದಾಗಿತ್ತು. ಸವಣೂರಿನ ಪೇಟೆಗೆ ಬಂದು ನುಣುಪು ಎಂದಾದದ್ದು ಆ ಪುಸ್ತಕ ಬರೆದವರಿಗೆ ಗೊತ್ತಿರಲಿಲ್ಲ. ಅದನ್ನು ನಾನೇ ಸೇರಿಸಿದೆ.

ಮಾವನವರು 'ನೆ', 'ನ' ಎಂದು ಎರಡನ್ನೂ ಬಾಯಲ್ಲಿ ಆಡಿಸಿ ನೋಡಿದರು. ಆಮೇಲೆ, "ನಮ್ಮ 'ನ'ಕಾರನ ಅದು," ಎಂದರು. "ಇಲ್ಲ ಅನ್ನೂದಕ್ಕ ಅವರೂ ನಮ್ಮಂಗ ನ ಅಂತಾರಂದ್ರ, ಒಂದ ಮನ್ಯಾಗ ಕಲ್ತಿರಬೇಕು."

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಓದುವುದು ನನ್ನ ಕೆಲಸವಾಯಿತು. ನಾನು ಮಣೆಯ ಮೇಲೆ ಪುಸ್ತಕ ಇಟ್ಟುಕೊಂಡು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ನನಗೆ ಒಂದು ವಾಕ್ಯ ಬಿಡಿಸಲು ಆಗದಿದ್ದರೆ ಅದರ ಕರ್ತೃ ಯಾವುದು, ಕರ್ಮ ಯಾವುದು ಎಂದು ಕೇಳಿ ಕೇಳಿ, ಇಂಗ್ಲಿಷ್ ಗೊತ್ತಿಲ್ಲದ ಅವರೇ ನನಗೆ ಇಂಗ್ಲಿಷ್ ವಾಕ್ಯ ಬಿಡಿಸಿ ಕೊಡುತ್ತಿದ್ದರು. ಅಪ್ಪನ ಶಾಲೆಯಲ್ಲಿ ನಾಲ್ಕು ವರ್ಷ ಕಲಿತದ್ದಕ್ಕಿಂತ ಹೆಚ್ಚನ್ನು ಆ ಕಟ್ಟೆಯ ಮೇಲೆ ಎರಡು ವರ್ಷದಲ್ಲಿ ಕಲಿತೆ.

ಅತ್ತೆಯವರಿಗೆ ಇದು ಸೇರುತ್ತಿರಲಿಲ್ಲ. ಬೈಯುವ ಸ್ವಭಾವದವರಲ್ಲ, ಆದರೆ ನಾನು ಪುಸ್ತಕ ಹಿಡಿದೊಡನೆ ಒಳಗೆ ಪಾತ್ರೆಗಳ ಸದ್ದು ಜೋರಾಗುತ್ತಿತ್ತು. ಒಂದು ದಿನ ಅವರು ಸಂಜೆಯ ಭಕ್ಕರಿಗೆ ಹಿಟ್ಟು ನಾದುತ್ತ ಕೂತಾಗ, ನಾನು ಪಕ್ಕದಲ್ಲಿ ಒಲೆ ಉರಿ ಮಾಡುತ್ತ ಅಂದು ಓದಿದ್ದನ್ನು ಹೇಳಿದೆ. ದೊಡ್ಡ ಸಾಹೇಬರ ಹೆಂಡತಿಯನ್ನು ಲೇಡಿ ಅನ್ನುತ್ತಾರಲ್ಲ, ಆ ಶಬ್ದದ ಮೂಲ ಅರ್ಥ ರೊಟ್ಟಿಯ ಹಿಟ್ಟು ನಾದುವವಳು ಎಂದು. ಲಾರ್ಡ್ ಎಂದರೆ ರೊಟ್ಟಿ ಕಾಯುವವನು ಎಂದು. ನಾದಿದ ಹಿಟ್ಟಿಗೆ ಅವರು ಹೇಳುವ 'ಡೋ' ಎಂಬ ಶಬ್ದವೂ, ನಾವು ದೇಹ ಅನ್ನುವ ಶಬ್ದವೂ ಒಂದೇ ಧಾತುವಿನಿಂದ ಬಂದವು ಎಂದು ಮಾವನವರು ಹೇಳಿದ್ದನ್ನೂ ಸೇರಿಸಿದೆ.

ಅತ್ತೆಯವರ ಕೈ ನಿಂತಿತು. "ಖರೇನ ಪುಸ್ತಕದಾಗ ಹಂಗ ಬರದದ ಏನು?" ಎಂದು ಕೇಳಿದರು. ಹೌದೆಂದೆ. ಮತ್ತೆ ನಾದತೊಡಗಿ, "ಅಂದ್ರ ಅವರೂ ಮೊದಲು ಹಿಟ್ಟಿನ ಕೈಯವರ ಅನ್ನು," ಎಂದರು. ಅಷ್ಟೇ. ಆದರೆ ಮರುದಿನದಿಂದ ಮಧ್ಯಾಹ್ನದ ಮುಸುರೆಯನ್ನು ನನಗೆ ಬಿಡದೆ ತಾವೇ ತಿಕ್ಕಿಡತೊಡಗಿದರು. ನಾನು ಕೇಳಿದ್ದಕ್ಕೆ, ನೀನು ಹೋಗಿ ಓದು, ಅವರು ಕಾಯುತ್ತಾರೆ ಎಂದರು.

ಶನಿವಾರ ನನ್ನ ಗಂಡ ಬಂದಾಗ ಅವರಿಗೂ ಒಂದು ಶಬ್ದ ಸಿಕ್ಕಿತು. ಕಾರಕೂನನಿಗೆ ಇಂಗ್ಲಿಷಿನವರು ಕ್ಲಾರ್ಕ್ ಅನ್ನುತ್ತಾರೆ. ಹಿಂದೆ ಅವರ ದೇಶದಲ್ಲಿ ಓದು ಬರಹ ಬಲ್ಲವರೆಂದರೆ ಇಗರ್ಜಿಯ ವೈದಿಕರು ಮಾತ್ರ. ಹಾಗಾಗಿ ವೈದಿಕರ ಹೆಸರೇ ಬರೆಯುವವರ ಹೆಸರಾಯಿತು. ನಾನು ಇದನ್ನು ಓದಿ ಹೇಳಿದಾಗ ನನ್ನ ಗಂಡ ತಂದೆಯ ಮುಖ ನೋಡಿದರು. ಮಾವನವರ ತುಟಿ ಸ್ವಲ್ಪ ಅಲುಗಿತು. ಕಡೆಗೂ ನನ್ನ ಮಗ ವೈದಿಕನೇ ಆದ ಹಾಗಾಯಿತಲ್ಲ ಎಂದರು. ಅಪ್ಪ ಮಗ ಇಬ್ಬರೂ ಕೂಡಿ ನಕ್ಕದ್ದನ್ನು ನಾನು ಆ ಮನೆಯಲ್ಲಿ ಮೊದಲ ಸಲ ನೋಡಿದೆ.

ಮನೆಗೆ ಎಲೆ ತಂದುಕೊಡುವ ತೋಟದ ಹಿರಿಯನೊಬ್ಬನಿದ್ದ. ಮುಂಜಾನೆ ಬಾಳೆಪಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ ಕಟ್ಟು ಕಟ್ಟೆಯ ಮೇಲಿಟ್ಟು, ಪಾಠ ಮುಗಿಯುವ ತನಕ ಕೆಳಗೆ ನಿಂತು ಕೇಳಿ ಹೋಗುವವನು. ನಮ್ಮ ವೀಳ್ಯದೆಲೆಗೆ ಇಂಗ್ಲಿಷಿನವರು ಬೀಟಲ್ ಅನ್ನುತ್ತಾರೆ. ಅದು ಅವರ ಶಬ್ದವಲ್ಲ, ಮಲೆಯಾಳದವರು 'ವೆಟ್ಟಿಲ' ಅನ್ನುವುದನ್ನು ಪೋರ್ಚುಗೀಜರು ಕಲಿತು ಒಯ್ದದ್ದು, ಅದರ ಬಾಲದಲ್ಲಿರುವುದು ನಮ್ಮ ಎಲೆಯೇ ಎಂದು ಅವನಿಗೆ ಹೇಳಿದೆ. ಅಡಕೆಯೂ ಹಾಗೆಯೇ ಅರೇಕಾ ಎಂದಾಗಿ ಹಡಗು ಹತ್ತಿದ್ದನ್ನು ಹೇಳಿದೆ. ಅವನು ತನ್ನ ಕಟ್ಟಿನಿಂದ ಒಂದು ಎಲೆ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ನಾ ಹುಬ್ಬಳ್ಳಿ ದಾಟಿಲ್ರಿ ಅವ್ವಾರ," ಎಂದ. "ನಮ್ಮ ಎಲಿ ಅಲ್ಲಿತನಾ ಹೋಗೇತಂದ್ರ ಚಲೋ ಆತು."

ಓಣಿಯಲ್ಲಿ ಸುದ್ದಿ ಹಬ್ಬಿತು. ಪಂಡಿತರ ಸೊಸೆ ಮಾವನಿಗೆ ಇಂಗ್ಲಿಷ್ ಪುರಾಣ ಹೇಳುತ್ತಾಳೆ ಎಂದು ಕೆಲವರು ನಕ್ಕರು. ಮಾವನವರು ಅದನ್ನು ಕೇಳಿಯೂ ಕೇಳದಂತೆ ಇದ್ದರು. ಒಂದು ದಿನ ಅಕಸ್ಮಾತ್ತಾಗಿ, ನೀನು ಮ್ಯಾಟ್ರಿಕ್‌ಗೆ ಕೂಡಬೇಕು ಎಂದರು. ಮನೆಯಲ್ಲೇ ಓದಿ ಹೊರಗಿನಿಂದ ಪರೀಕ್ಷೆಗೆ ಕೂಡಬಹುದು ಎಂದು ಆ ಪುಣೆಯ ಶಿಷ್ಯ ಅವರಿಗೆ ಕಾಗದ ಬರೆದಿದ್ದನಂತೆ. ನನ್ನ ಗಂಡನೂ ಒಪ್ಪಿದರು. ಅರ್ಜಿಗೆ ಹಾನಗಲ್ಲಿನ ನನ್ನ ಹಳೆಯ ಶಾಲೆಯ ದಾಖಲೆ ಬೇಕಿತ್ತು. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ನಾನೇ ಹೋಗಿ ಸಹಿ ಮಾಡಿ ತರಬೇಕಾಯಿತು.

ಅವು ಯುದ್ಧದ ದಿನಗಳು. ನನ್ನ ಗಂಡನಿಗೆ ರಜೆ ಸಿಗಲಿಲ್ಲ, ಅರ್ಜಿಯ ಗಡುವು ಹತ್ತಿರ ಬಂದಿತ್ತು. ಚಕ್ಕಡಿ ಕಟ್ಟಿಕೊಂಡು ಹೋದರೆ ದಿನ ಸಾಲುತ್ತಿರಲಿಲ್ಲ. ಸವಣೂರಿನಿಂದ ಶಿಗ್ಗಾವಿ, ಹಾನಗಲ್ಲು ಹಾದು ಅಕ್ಕಿಆಲೂರಿಗೆ ಒಂದು ಖಾಸಗಿ ಬಸ್ಸು ಓಡುತ್ತಿತ್ತು. ಪೆಟ್ರೋಲ್ ಸಿಗದೆ ಹಿಂದೆ ಇದ್ದಲಿಯ ಒಲೆ ಕಟ್ಟಿಕೊಂಡು ಅದರ ಹೊಗೆಯ ಬಲದಿಂದ ಹೋಗುವ ಬಸ್ಸು. ಮಾವನವರು ಆ ತನಕ ಬಸ್ಸು ಹತ್ತಿದವರಲ್ಲ. ಯಾರು ಯಾರನ್ನೋ ಮುಟ್ಟಿಸಿಕೊಂಡು ಕೂಡಬೇಕು, ಮಡಿ ಹೇಗೆ ಉಳಿಯುತ್ತದೆ ಎಂಬುದು ಅವರ ಚಿಂತೆ. ನನ್ನ ಜೊತೆ ಹೋಗಲು ಬೇರೆ ಗಂಡಸರಿರಲಿಲ್ಲ. ಮರುದಿನ ಮಧ್ಯಾಹ್ನ ಓದುವ ಹೊತ್ತಿಗೆ, ಬಸ್ಸು ಅನ್ನುವ ಶಬ್ದ ತೆಗೆ ಎಂದರು.

ಅಲ್ಲಿ ಆಮ್ನಿಬಸ್ ನೋಡು ಎಂದಿತ್ತು. ಅದನ್ನು ತೆಗೆದೆ. ಲ್ಯಾಟಿನ್ನಿನಲ್ಲಿ ಆಮ್ನಿಸ್ ಎಂದರೆ ಎಲ್ಲ, ಆಮ್ನಿಬಸ್ ಎಂದರೆ ಎಲ್ಲರಿಗಾಗಿ. ಅದರ ಮುಂದೆ ಡೇಟಿವ್, ಬಹುವಚನ ಎಂದಿತ್ತು. ಡೇಟಿವ್ ಎಂದರೆ ನನಗೆ ಗೊತ್ತಾಗಲಿಲ್ಲ. ಅದನ್ನೂ ತೆಗೆದು ನೋಡಿದೆ. ಕೊಡುವುದಕ್ಕೆ ಸಂಬಂಧಪಟ್ಟ ವಿಭಕ್ತಿ ಎಂದಿತ್ತು.

"ಕೊಡೂದು ಅಂದ್ರ ಚತುರ್ಥಿ," ಎಂದರು ಮಾವನವರು. ಒರಗಿದ್ದವರು ನೆಟ್ಟಗೆ ಕೂತರು. "ಬಹುವಚನ ಅಂದಿ. ಚತುರ್ಥಿ ಬಹುವಚನಕ್ಕ ನಮ್ಮಲ್ಲಿ ಪ್ರತ್ಯಯ ಯಾವುದು?"

ಕಟ್ಟೆಯ ಹುಡುಗರು ಒದರುವುದನ್ನು ಕೇಳಿ ಕೇಳಿ ನನಗೂ ಬಾಯಿಗೆ ಬಂದಿತ್ತು. ಭ್ಯಸ್ ಎಂದೆ.

"ಭ್ಯಸ್," ಎಂದರು ಅವರು. "ಬಸ್."

ಆಮೇಲೆ ಅವರು ನಗಲು ಹತ್ತಿದರು. ಅತ್ತೆಯವರು ಗಾಬರಿಯಾಗಿ ಒಳಗಿನಿಂದ ಬಂದರು. ಆಮ್ನಿಬಸ್ ಎಂದರೆ ಸರ್ವೇಭ್ಯಃ. ಜನ ಉದ್ದದ ಹೆಸರು ಕೂಗಲಾರದೆ 'ಎಲ್ಲ' ಎಂಬ ಪ್ರಕೃತಿಯನ್ನು ದಾರಿಯಲ್ಲಿ ಬಿಟ್ಟು ಬರೀ ಪ್ರತ್ಯಯವನ್ನು ಹಿಡಿದುಕೊಂಡಿದ್ದಾರೆ. ಶಿಗ್ಗಾವಿ ರಸ್ತೆಯಲ್ಲಿ ಹೊಗೆ ಬಿಡುತ್ತ ಓಡುತ್ತಿರುವುದು ಒಂದು ವಿಭಕ್ತಿ ಪ್ರತ್ಯಯ ಎಂದು ನಾನು ಅತ್ತೆಯವರಿಗೆ ಬಿಡಿಸಿ ಹೇಳುವಷ್ಟರಲ್ಲಿ ಮಾವನವರ ಕಣ್ಣಲ್ಲಿ ನೀರು ಬಂದಿತ್ತು. ನಗು ನಿಂತ ಮೇಲೆ, ನಾಳೆ ಮುಂಜಾನೆ ಹೊರಡೋಣ ಎಂದರು.

ಬಸ್ಸಿನಲ್ಲಿ ಎರಡೂ ಬದಿಗೆ ಉದ್ದನೆಯ ಹಲಗೆಗಳು. ನಾವು ಬಾಗಿಲ ಹತ್ತಿರ ಕೂತೆವು. ಒಳ್ಳೆಯ ಮನೆತನದ ಪಂಡಿತರೆಂದು ಜನ ಅವರ ಮಗ್ಗುಲಿಗೆ ಒಬ್ಬರು ಕೂಡುವಷ್ಟು ಜಾಗ ತಾವಾಗಿಯೇ ಬಿಟ್ಟರು. ಅವರು ಕಣ್ಣು ಮುಚ್ಚಿ ಏನೋ ಜಪಿಸುತ್ತಿದ್ದರು. ಶಿಗ್ಗಾವಿಯಲ್ಲಿ ಇನ್ನಷ್ಟು ಮಂದಿ ಹತ್ತಿದರು. ಕಡೆಗೆ ಹತ್ತಿದವಳು ಒಬ್ಬ ಮುದುಕಿ. ತಲೆಯ ಮೇಲೆ ಸಣ್ಣ ಗಂಟು, ಕೈಯಲ್ಲಿ ಕುಡುಗೋಲು. ಅಕ್ಕಿಆಲೂರ ಕಡೆ ಭತ್ತದ ಕೊಯ್ಲಿಗೆ ಹೊರಟಿದ್ದಳು. ಇಡೀ ಬಸ್ಸಿನಲ್ಲಿ ಉಳಿದದ್ದು ಮಾವನವರ ಮಗ್ಗುಲಿನ ಜಾಗವೊಂದೇ. ಅವಳು ಅತ್ತ ನೋಡಿದ್ದನ್ನು ಕಂಡು ಕಂಡಕ್ಟರ್ ದನಿ ಎತ್ತರಿಸಿದ. ಅವಳ ಕೇರಿ ಯಾವುದೆಂದು ಅವನಿಗೆ ಗೊತ್ತಿತ್ತು. ಊರ ಹೊರಗಿನ ಕೇರಿ. ಮಡಿವಂತರು ಕೂತಿದ್ದಾರೆ, ಮೆಟ್ಟಿಲ ಮೇಲೆ ನಿಲ್ಲುವುದಿದ್ದರೆ ನಿಲ್ಲು, ಇಲ್ಲವೇ ಇಳಿ ಎಂದ.

ಮುದುಕಿ ಮೆಟ್ಟಿಲ ಮೇಲೆ ಕಂಬಿ ಹಿಡಿದು ನಿಂತಳು. ಬಸ್ಸು ಹೊರಟಿತು. ಒಂದು ಹೊಂಡಕ್ಕೆ ಬಿದ್ದಾಗ ಅವಳ ಕಾಲು ಜಾರಿತು. ಗಂಟು ಬಿಡದೆ ಹೇಗೋ ಸಾವರಿಸಿಕೊಂಡಳು. ಬಸ್ಸಿನವರೆಲ್ಲ ಹೊರಗಿನ ಹೊಲ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ ಎಂದು ಒಪ್ಪಿಕೊಳ್ಳಬೇಕು. ಏನಾದರೂ ಹೇಳಬೇಕೆನಿಸಿದರೂ ಮಾವನವರ ಎದುರು ಬಾಯಿ ಬರಲಿಲ್ಲ. ಬಹಳವೆಂದರೆ ಮಾವನವರನ್ನು ನನ್ನ ಜಾಗಕ್ಕೆ ಸರಿಸಿ, ನಾನು ನಡುವೆ ಕೂತು ಅವಳಿಗೆ ಮಗ್ಗುಲಿನ ಜಾಗ ಕೊಡಬಹುದು ಎಂದು ಏಳಲು ಹೋದೆ. ಮಾವನವರು ಕೈ ಅಡ್ಡ ಮಾಡಿ ನನ್ನನ್ನು ಕೂರಿಸಿದರು. ಅವರ ಜಪ ಯಾವಾಗ ನಿಂತಿತ್ತೋ ತಿಳಿಯದು. ಮೆಟ್ಟಿಲ ಕಡೆಗೆ ಮುಖ ತಿರುಗಿಸಿ, "ಬರ್ರಿ, ಇಲ್ಲೆ ಕುಂದರ್ರಿ," ಎಂದರು.

ಬರ್ರಿ ಎಂದರು, ಬಾ ಎನ್ನಲಿಲ್ಲ. ಆ ಕೇರಿಯವರಿಗೆ ಆ ಮಾತನ್ನು ಹಾಗೆ ಆಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮುದುಕಿ ಕೂಡ ತನಗಲ್ಲವೆಂದು ಹಿಂದೆ ನೋಡಿದಳು.

"ನಾ ನಿಂತ ಬರ್ತೇನ್ರಿ ಯಪ್ಪಾ. ನಿಮಗ ತ್ರಾಸ ಆಕ್ಕೈತಿ."

"ತ್ರಾಸ ನಿಂತವರಿಗೆ," ಎಂದರು ಮಾವನವರು. "ಕುಂತವರಿಗೇನು ತ್ರಾಸ? ಬರ್ರಿ."

ಕಂಡಕ್ಟರ್ ನಡುವೆ ಬಂದ. ಪಂಡಿತರಿಗೆ ಕಣ್ಣು ಕಾಣುವುದಿಲ್ಲ, ಇವಳು ಯಾರೆಂದು ಗೊತ್ತಿಲ್ಲ ಎಂದು ತಿಳಿದು ಅವರ ಕಿವಿಯಲ್ಲಿ ಹೇಳಲು ಬಾಗಿದ. ಮಾವನವರು ನೀನು ಮೊದಲು ಹೇಳಿದ್ದೇ ನನಗೆ ಕೇಳಿದೆ ಎಂದರು. ನಿನ್ನ ಈ ಗಾಡಿಯ ಹೆಸರಿನ ಅರ್ಥ ಗೊತ್ತೇ ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಇಡೀ ಬಸ್ಸು ಕೇಳುವಂತೆ, ತಮ್ಮ ಕಟ್ಟೆಯ ಪಾಠದ ದನಿಯಲ್ಲಿ, ಅದನ್ನು ಹೇಳಿದರು: ಬಸ್ಸು ಎಂದರೆ ಎಲ್ಲರಿಗಾಗಿ, ಒಬ್ಬರನ್ನು ಬಿಟ್ಟರೂ ಆ ಶಬ್ದ ಸುಳ್ಳಾಗುತ್ತದೆ, ಸುಳ್ಳು ಶಬ್ದದಲ್ಲಿ ನಾನು ಪ್ರಯಾಣ ಮಾಡುವುದಿಲ್ಲ, ಅವರನ್ನು ಇಳಿಸುವುದಾದರೆ ನನ್ನನ್ನೂ ನನ್ನ ಸೊಸೆಯನ್ನೂ ಇಲ್ಲೇ ಇಳಿಸು.

ಮುದುಕಿ ಬಂದು ಹಲಗೆಯ ಅಂಚಿಗೆ ಕೂತಳು. ಬಸ್ಸು ಅಲುಗಾಡಿದಾಗೆಲ್ಲ ಅವಳ ಭುಜ ಮಾವನವರ ಭುಜಕ್ಕೆ ತಾಗುತ್ತಿತ್ತು. ಅವರು ಸರಿಯಲಿಲ್ಲ. ಹಾನಗಲ್ಲು ಬರುವ ಹೊತ್ತಿಗೆ ಇಬ್ಬರೂ ಮಳೆ, ಭತ್ತ, ಮೊಮ್ಮಕ್ಕಳು ಎಂದು ಮಾತಾಡುತ್ತಿದ್ದರು. ನಾವು ಇಳಿಯುವಾಗ ಅವಳು ಎದ್ದು ನಿಂತು, ಕಣ್ಣು ಕಾಣದ ಅವರ ಕೈಗೆ ಕೋಲು ಕೊಟ್ಟಳು.

ತವರುಮನೆಯಲ್ಲಿ ಮಾವನವರು ಭಾವಿಯ ಕಟ್ಟೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡರು. ಅದು ದಾರಿಯ ಇದ್ದಲಿಯ ಮಸಿಗೋ, ಅರವತ್ತು ವರ್ಷದ ರೂಢಿಗೋ ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಒಂದೇ ದಿನದಲ್ಲಿ ಮನುಷ್ಯ ಪೂರ್ತಿ ಬದಲಾಗುತ್ತಾನೆಂದು ನಾನು ಬರೆದರೆ ಅದು ಅವರಿಗೆ ಮಾಡುವ ಮರ್ಯಾದೆಯಲ್ಲ. ಶಾಲೆಯ ದಾಖಲೆ ತೆಗೆದುಕೊಂಡು ಮರಳಿ ಬರುವಾಗ ಬಸ್ಸಿನಲ್ಲಿ ತಾವಾಗಿ ನಡುವಿನ ಜಾಗದಲ್ಲಿ ಕೂತರು, ಎರಡೂ ಕಡೆ ಯಾರಿದ್ದಾರೆಂದು ಕೇಳಲಿಲ್ಲ. ಅಂದು ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತರು, ಅಷ್ಟೇ.

ಸುದ್ದಿ ನಮಗಿಂತ ಮೊದಲೇ ಸವಣೂರು ಮುಟ್ಟಿತ್ತು. ಓಣಿಯ ನಾಲ್ಕು ಜನ ಹಿರಿಯರು ಬಂದು ಕಟ್ಟೆಯ ಮೇಲೆ ಕೂತರು. ಒಂದು ಸಣ್ಣ ಪ್ರಾಯಶ್ಚಿತ್ತ ಮಾಡಿಕೊಂಡರೆ ಮುಗಿಯಿತು, ಯಾರೂ ಮುಂದೆ ಮಾತಾಡುವುದಿಲ್ಲ ಎಂದು ಸೌಮ್ಯವಾಗಿಯೇ ಹೇಳಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅತ್ತೆಯವರು ನನ್ನ ಕೈ ಹಿಡಿದುಕೊಂಡಿದ್ದರು.

"ನಾ ಹೇಳಿದ ವ್ಯಾಕರಣದಾಗ ತಪ್ಪಿದ್ರ ತೋರಸ್ರಿ," ಎಂದರು ಮಾವನವರು. "ಇವತ್ತ ಪ್ರಾಯಶ್ಚಿತ್ತ ಮಾಡ್ಕೋತೇನಿ."

ಹಿರಿಯರು ತಪ್ಪು ತೋರಿಸದೆ ಎದ್ದು ಹೋದರು. ಎರಡು ತಿಂಗಳು ಕಟ್ಟೆಗೆ ಹುಡುಗರು ಬರುವುದು ನಿಂತಿತು. ಒಬ್ಬ ಮಾತ್ರ ಬರುತ್ತಿದ್ದ, ಅವನಿಗೇ ಎಲ್ಲ ಪಾಠ ಹೇಳಿದರು. ಆಮೇಲೆ ಒಬ್ಬೊಬ್ಬರಾಗಿ ಮರಳಿ ಬಂದರು. ವ್ಯಾಕರಣ ಕಲಿಯಲು ಬೇರೆ ಮನೆ ಇರಲಿಲ್ಲ. ಬಂದವರನ್ನು ಮಾವನವರು ಯಾಕೆ ಬಿಟ್ಟಿರಿ ಎಂದು ಕೇಳಲಿಲ್ಲ, ಬಿಟ್ಟಲ್ಲಿಂದ ಮುಂದುವರಿಸಿದರು.

ನಾನು ಪರೀಕ್ಷೆಯಲ್ಲಿ ಪಾಸಾದೆ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚು ಅಂಕ ಬಂದಿದ್ದವು. ಮರುವರ್ಷ ನನ್ನ ಗಂಡನಿಗೆ ಹಿರೇಕೆರೂರಿಗೆ ವರ್ಗವಾಯಿತು. ಅಲ್ಲಿಯ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸಲು ನನ್ನನ್ನು ತೆಗೆದುಕೊಂಡರು. ಓದಲು ಬರುತ್ತಿದ್ದವರು ಹೆಚ್ಚಿನಂಶ ಒಕ್ಕಲುತನದ ಮನೆಯ ಹುಡುಗಿಯರು. ಕಲಿಸುವ ಹೆಂಗಸಿಗೆ ನಮ್ಮ ಕಡೆ ಅನ್ನುವಂತೆ ಅವರು ನನ್ನನ್ನು 'ಅಕ್ಕಾರು' ಅನ್ನುತ್ತಿದ್ದರು.

ಯುದ್ಧ ಮುಗಿದ ವರ್ಷ ಮಾವನವರ ಒಂದು ಕಣ್ಣಿನ ಶಸ್ತ್ರಕ್ರಿಯೆಯಾಗಿ ಸ್ವಲ್ಪ ದೃಷ್ಟಿ ಬಂತು. ಅವರು ಹಿರೇಕೆರೂರಿಗೆ ಬಂದು ನಮ್ಮಲ್ಲಿ ಒಂದು ತಿಂಗಳಿದ್ದರು. ಒಂದು ದಿನ, ನಿನ್ನ ಪಾಠ ಕೇಳಬೇಕು ಎಂದರು. ಹೆಡ್‌ಮಾಸ್ತರರು ಒಪ್ಪಿದರು. ದಪ್ಪ ಕನ್ನಡಕ ಹಾಕಿಕೊಂಡು, ಹಿಂದಿನ ಸಾಲಿನಲ್ಲಿ ಹುಡುಗಿಯರ ಬಾಕಿನ ತುದಿಗೆ ಕೂತರು.

ಅಂದಿನ ಪಾಠದಲ್ಲಿ ವಿಲನ್ ಎಂಬ ಶಬ್ದ ಬಂತು. ನೀಚ, ದುಷ್ಟ ಎಂದು ಅರ್ಥ ಹೇಳಿದೆ. ಆಮೇಲೆ ಅದರ ಹುಟ್ಟನ್ನೂ ಹೇಳಿದೆ: ಲ್ಯಾಟಿನ್ನಿನಲ್ಲಿ ವಿಲ್ಲಾ ಎಂದರೆ ಧನಿಯ ಹೊಲಮನೆ, ಅಲ್ಲಿ ದುಡಿಯುವ ಆಳಿಗೆ ಮೊದಲು ಈ ಹೆಸರಿತ್ತು. ಎರಡನೆಯ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಅಪ್ಪ ಬೇರೆಯವರ ಹೊಲದಲ್ಲಿ ದುಡಿಯುವವನು.

"ಹೊಲದಾಗ ದುಡ್ಯಾವನ್ನ ಕೆಟ್ಟಾವ ಅಂತ ಮಾಡಿದವ್ರು ಯಾರ್ರಿ ಅಕ್ಕಾರ?"

ಇಡೀ ವರ್ಗ ನನ್ನನ್ನು ನೋಡಿತು. ಹಿಂದಿನ ಬಾಕಿನಿಂದ ಆ ದಪ್ಪ ಕನ್ನಡಕವೂ ನೋಡುತ್ತಿತ್ತು. ನಾನು ವಿಚಾರ ಮಾಡಿದೆ. ಪುಸ್ತಕದಲ್ಲಿ ಅರ್ಥ ಹೇಗೆ ಬದಲಾಯಿತು ಎಂದಿತ್ತು, ಯಾರು ಬದಲಾಯಿಸಿದರು ಎಂದಿರಲಿಲ್ಲ. ನನಗೆ ಗೊತ್ತಿಲ್ಲ ಎಂದು ಹೇಳಿದೆ. ನಿನ್ನ ಪ್ರಶ್ನೆ ಶಬ್ದಕೋಶಕ್ಕಿಂತ ದೊಡ್ಡದು, ನೀನು ಮುಂದೆ ಓದಿ ಹುಡುಕಿದರೆ ನನಗೂ ಹೇಳು ಎಂದೆ. ಹುಡುಗಿ ತಲೆಯಾಡಿಸಿ ಕೂತಳು. ಅವಳಿಗೆ ಉತ್ತರ ಸಿಗದಿದ್ದರೂ ಮುಖದಲ್ಲಿ ಸೋತ ಭಾವವಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಮಾವನವರ ಜೊತೆ ಮನೆಯತ್ತ ನಡೆದೆ. ಪಾಠ ಹೇಗಿತ್ತೆಂದು ಕೇಳುವ ಧೈರ್ಯವಾಗಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಅವರೇ ಹೇಳಿದರು.

"ನಲವತ್ತು ವರ್ಷ ಪಾಠ ಹೇಳೇನಿ ತಂಗಿ. ಶಿಷ್ಯನ ಮುಂದ 'ನನಗ ಗೊತ್ತಿಲ್ಲ' ಅಂತ ಒಂದ ದಿನಾನೂ ನನ್ನ ಬಾಯಾಗ ಬರಲಿಲ್ಲ. ನಿನಗ ಬಂತು."

ಅಷ್ಟರಲ್ಲಿ ಎದುರಿಗೆ ನೀರಿನ ಕೊಡ ಹೊತ್ತು ಬರುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ನಿಂತಳು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ. ಈ ಅಜ್ಜಾರು ಯಾರು, ಎಲ್ಲಿಯ ಪಂಡಿತರು ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆಗೆಯುವ ಮೊದಲೇ ಮಾವನವರು ಕೋಲೂರಿ ನೆಟ್ಟಗೆ ನಿಂತರು.

"ನಾ ಈ ಅಕ್ಕಾರ ಮಾವ," ಎಂದರು.